ಬೆಟ್ಟವನ್ನಿಳಿಯುವ ವಿವೇಕ



ತುಮಕೂರಿನ ಪೂರ್ವಕ್ಕೆ ಸುಮಾರು 3,900 ಅಡಿ ಎತ್ತರದ ದೇವರಾಯನದುರ್ಗವಿದೆ; ಕುಣಿಗಲಿನ ದಕ್ಷಿಣಕ್ಕೆ ಹುಲಿಯೂರುದುರ್ಗವಿದೆ. ಗುಬ್ಬಿಯ ಬಯಲಿನವರೂ ಬಿಡುವಿನ ದಿನ ಬುತ್ತಿ ಕಟ್ಟಿಕೊಂಡು ಇವುಗಳತ್ತ ಹೊರಡುವುದುಂಟು. ಏರುವ ಉತ್ಸಾಹವನ್ನು ಯಾರೂ ಕಲಿಸಬೇಕಾದುದಿಲ್ಲ. ಇಳಿಯುವ ವಿವೇಕವನ್ನು ಮಾತ್ರ ಕಲಿಯಬೇಕಾಗಿದೆ. ಆ ವಿಷಯವಾಗಿ ಕೆಲವು ಮಾತುಗಳನ್ನು ಅರಿಕೆಮಾಡಿಕೊಳ್ಳುತ್ತೇನೆ.

ಹವಾಯಿಯಂತಹ ಅಗ್ನಿಪರ್ವತದ ದ್ವೀಪಗಳಲ್ಲಿ ಹೊಸ ಕಲ್ಲು ಕಾಲಡಿಯಲ್ಲಿ ಪುಡಿಯಾಗಿ ಕುಸಿಯುವ ಭಯವುಂಟು. ನಮ್ಮ ಸೀಮೆಯ ಬಂಡೆಗಳಾದರೋ ಸುಮಾರು 250 ಕೋಟಿ ವರ್ಷಗಳಷ್ಟು, ಕೆಲವು ಅದಕ್ಕೂ ಹೆಚ್ಚು, ಹಳೆಯವು, ಬಹಳ ಗಟ್ಟಿಯಾದವು. ಇಲ್ಲಿ ಅಪಾಯವಿರುವುದು ಬಂಡೆಯ ಆಕಾರದಲ್ಲಿ. ಅದು ಈರುಳ್ಳಿಯಂತೆ ಪದರ ಪದರವಾಗಿ ಕಳಚಿ ಗುಂಡಗಾಗುತ್ತದೆ. ಮೇಲೆ ನಿಂತವನಿಗೆ ಇಳಿಜಾರು ಸೌಮ್ಯವಾಗಿಯೇ ತೋರುತ್ತದೆ. ಹತ್ತು ಮಾರು ಇಳಿದ ಮೇಲೆ ಕಡಿದಾಗುತ್ತದೆ. ಅದರಾಚೆಯದು ಕಣ್ಣಿಗೇ ಬೀಳದು. ಹತ್ತುವವನು ಹೆಜ್ಜೆಯನ್ನು ಕಂಡು ಇಡುತ್ತಾನೆ. ಇಳಿಯುವವನು ಊಹಿಸಿ ಇಡುತ್ತಾನೆ.

ಹಿಂದೊಮ್ಮೆ ಹುಲಿಯೂರುದುರ್ಗದಿಂದ ಇಳಿಯುವಾಗ ನಾನೂ ಒಬ್ಬ ಮಿತ್ರರೂ ಬಂದ ದಾರಿಯನ್ನು ಬಿಟ್ಟು, ಹತ್ತಿರದ್ದೆಂದು ತೋರಿದ ಬೋಳು ಬಂಡೆಯನ್ನು ಹಿಡಿದೆವು. ತುಂತುರು ಮಳೆ ಬಿತ್ತು. ಬಂಡೆಯ ಮೇಲಿದ್ದ ಕಪ್ಪು ಪಟ್ಟೆಯೊಂದರ ಮೇಲೆ ಮಿತ್ರರು ಕಾಲಿಟ್ಟರು, ಮರುಕ್ಷಣ ಜಾರಿದರು. ಬಿರುಕಿನಲ್ಲಿ ಬೆಳೆದಿದ್ದ ಹುಲ್ಲಿನ ಬುಡವೊಂದು ಅವರ ಹಿಮ್ಮಡಿಗೆ ಸಿಕ್ಕಿತು. ಅದರ ಕೆಳಗೆ ಏನಿತ್ತೆಂಬುದು ನಮಗೆ ಕಂಡುದು ಮರುದಿನ, ನೆಲದ ಮೇಲೆ ನಿಂತು ನೋಡಿದಾಗ. ಆ ಕಪ್ಪು ಪಟ್ಟೆಗಳು ಮಳೆನೀರು ಹರಿಯುವ ದಾರಿ; ಅಲ್ಲಿ ಪಾಚಿ ಬೆಳೆಯುತ್ತದೆ. ಒಣಗಿದಾಗ ಅದು ಕಾಲನ್ನು ಹಿಡಿಯುವಂತೆಯೇ ಇರುತ್ತದೆ, ನೆನೆದರೆ ಎಣ್ಣೆಯಂತಾಗುತ್ತದೆ.

ಆದಕಾರಣ ನನ್ನ ವಿಜ್ಞಾಪನೆ ಇಷ್ಟು: ಹತ್ತಿದ ದಾರಿಯಲ್ಲೇ ಇಳಿಯಿರಿ. ತಂದ ನೀರಿನಲ್ಲಿ ಅರ್ಧವನ್ನು ಇಳಿಯುವುದಕ್ಕೆಂದು ಉಳಿಸಿರಿ; ಬಾಯಾರಿದವನ ಮೊಣಕಾಲು ಬೇಗ ನಡುಗುತ್ತದೆ. ಮಳೆ ಬಂದರೆ ಸಮನಾದ ಸ್ಥಳದಲ್ಲಿ ಕುಳಿತು ಬಂಡೆ ಒಣಗುವವರೆಗೆ ಕಾಯಿರಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಗುಡುಗು ಕೇಳಿಸಿದರೆ ಶಿಖರವನ್ನು ಕೂಡಲೇ ಬಿಡಿರಿ. ಹೆಜ್ಜೇನು ಕಟ್ಟಿರುವ ಕಡೆ ಹೊಗೆ, ಗದ್ದಲ ಬೇಡ. ಈ ಕಾಡುಗಳಲ್ಲಿ ಕರಡಿಯೂ ಚಿರತೆಯೂ ಇರುವುದರಿಂದ ಹೊತ್ತು ಮುಳುಗುವ ಮೊದಲೇ ಬುಡವನ್ನು ಸೇರಿರಿ.

ಕೊನೆಯದಾಗಿ, ಯಾವ ಬೆಟ್ಟ, ಯಾವ ದಾರಿ, ಹಿಂದಿರುಗುವುದು ಎಷ್ಟು ಹೊತ್ತಿಗೆ ಎಂಬ ಮೂರನ್ನು ಮನೆಯಲ್ಲಿ ಹೇಳಿಯೇ ಹೊರಡಿರಿ. ಹುಡುಕಬೇಕಾಗಿ ಬಂದಾಗ ಹುಡುಕುವವರಿಗೆ ಬೇಕಾಗುವುದು ಆ ಮೂರು ಮಾತುಗಳೇ.