ವಿಟಮಿನ್ ಡಬ್ಬಿಯೂ ಕಾನೂನಿನ ಮಿತಿಯೂ



ನಮ್ಮ ಕರಾವಳಿಯ ಮನೆಗಳಿಗೆ ಗಲ್ಫಿನಿಂದ ಯಾರಾದರೂ ರಜೆಗೆ ಬಂದರೆ ಪೆಟ್ಟಿಗೆಯಿಂದ ಅತ್ತರು, ಖರ್ಜೂರ, ಹಾಲಿನ ಪುಡಿಯ ಜೊತೆಗೆ ಒಂದು ವಿಟಮಿನ್ ಡಬ್ಬಿಯೂ ಹೊರಬರುತ್ತದೆ. ಉಮ್ಮನ ಕಾಲುನೋವಿಗೂ ಅದೇ, ಮಗನ ಪರೀಕ್ಷೆಗೂ ಅದೇ, ಸೊಸೆಯ ನಿತ್ರಾಣಕ್ಕೂ ಅದೇ. ಊರಿನ ಅಂಗಡಿಗಳಲ್ಲೂ ಈಗ ಜಿಮ್‌ಗೆ ಹೋಗುವ ಹುಡುಗರಿಗೆ ಪ್ರೋಟೀನ್ ಪುಡಿ, ಮಕ್ಕಳಿಗೆ ನೆನಪಿನ ಶಕ್ತಿಯ ಸಿರಪ್ ಸಿಗುತ್ತವೆ. ಇವೆಲ್ಲ ಔಷಧವೇ, ಆಹಾರವೇ? ನೀವು ಮೊದಲು ಕೇಳಬೇಕಾದ ಪ್ರಶ್ನೆ ಇದು. ಏಕೆಂದರೆ ಔಷಧಕ್ಕೆ ಇರುವ ಕಾವಲು ಬೇರೆ, ಆಹಾರಕ್ಕೆ ಇರುವ ಕಾವಲು ಬೇರೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳು ಸೇರಿ ನಡೆಸುವ ಕೋಡೆಕ್ಸ್ ಆಯೋಗ 1963ರಿಂದ ಆಹಾರದ ಗುಣಮಟ್ಟಗಳನ್ನು ರೂಪಿಸುತ್ತಿದೆ. 2005ರ ಜುಲೈಯಲ್ಲಿ ರೋಮ್‌ನಲ್ಲಿ ಅದು ವಿಟಮಿನ್ ಮತ್ತು ಖನಿಜ ಸಪ್ಲಿಮೆಂಟ್‌ಗಳಿಗೆ ಮಾರ್ಗಸೂಚಿಯನ್ನು ಅಂಗೀಕರಿಸಿತು. ಇನ್ನು ವಿಟಮಿನ್ ಕೊಳ್ಳಲೂ ಡಾಕ್ಟರ ಚೀಟಿ ಬೇಕಾಗುತ್ತದೆ ಎಂದು ಆಗ ಪಾಶ್ಚಾತ್ಯ ದೇಶಗಳಲ್ಲಿ ದೊಡ್ಡ ಹುಯಿಲೆದ್ದಿತ್ತು. ಹಾಗೇನೂ ಅದರಲ್ಲಿಲ್ಲ. ಇವುಗಳನ್ನು ಆಹಾರವೆಂದು ಪರಿಗಣಿಸುವ ದೇಶಗಳಿಗೆ ಮಾತ್ರ ಅದು ದಾರಿ ತೋರಿಸುತ್ತದೆ. ಸಮತೋಲನದ ಊಟಕ್ಕೇ ಮೊದಲ ಸ್ಥಾನವೆಂದು ಅದರ ಆರಂಭದಲ್ಲೇ ಹೇಳಿದೆ. ಸುರಕ್ಷಿತ ಗರಿಷ್ಠ ಪ್ರಮಾಣವನ್ನು ವೈಜ್ಞಾನಿಕವಾಗಿ ಅಪಾಯವನ್ನು ಅಳೆದು ನಿಗದಿಪಡಿಸಬೇಕು ಎನ್ನುತ್ತದೆ.

ವಿಟಮಿನ್‌ಗೆ ಗರಿಷ್ಠ ಮಿತಿ ಏಕೆ ಎಂದು ನೀವು ಕೇಳಬಹುದು. ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ನಡೆದ ಅಧ್ಯಯನವೊಂದರ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಕ್ಯಾರೆಟ್ಟಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಕ್ಯಾನ್ಸರನ್ನು ತಡೆಯಬಹುದೆಂಬ ನಿರೀಕ್ಷೆಯಿಂದ ಅದನ್ನು ಮಾತ್ರೆಯಾಗಿ ಕೊಟ್ಟಿದ್ದರು. ಆದದ್ದು ತಿರುಗುಮುರುಗು. ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚು ಕಂಡುಬಂತು. ಕ್ಯಾರೆಟ್ ತಿನ್ನಬೇಡಿ ಎಂದು ಇದರರ್ಥವಲ್ಲ, ತಟ್ಟೆಯಲ್ಲಿರುವುದು ಬೇರೆ, ಮಾತ್ರೆಯಲ್ಲಿ ಒತ್ತಿ ತುಂಬಿದ್ದು ಬೇರೆ. ವಿಟಮಿನ್ ಸಿ ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಎ ಮತ್ತು ಡಿ ಹಾಗೆ ಹೋಗದೆ ದೇಹದಲ್ಲೇ ಸಂಗ್ರಹವಾಗುತ್ತವೆ. ಗರ್ಭಿಣಿಯರಲ್ಲಿ ವಿಟಮಿನ್ ಎ ಅತಿಯಾದರೆ ಹೊಟ್ಟೆಯಲ್ಲಿರುವ ಶಿಶುವಿಗೇ ಅಪಾಯ. ಮೀನಿನೆಣ್ಣೆಯ ಡಬ್ಬಿಯನ್ನು ಮನೆಮಂದಿಗೆಲ್ಲ ಹಂಚುವ ಮುನ್ನ ಇದು ನೆನಪಿರಲಿ.

ಈ ಮಿತಿಯನ್ನು ಒಂದೊಂದು ದೇಶ ಒಂದೊಂದು ರೀತಿಯಲ್ಲಿ ಕಾಯುತ್ತದೆ. ಯುರೋಪ್ 2002ರಲ್ಲಿ ಯಾವ ವಿಟಮಿನ್, ಯಾವ ಖನಿಜ ಬಳಸಬಹುದೆಂದು ಪಟ್ಟಿ ಮಾಡಿತು. ಅಮೆರಿಕದಲ್ಲಿ 1994ರ ಕಾನೂನಿನಂತೆ ಸಪ್ಲಿಮೆಂಟ್ ಮಾರಾಟಕ್ಕೆ ಬರುವ ಮೊದಲು ಸರಕಾರದ ಒಪ್ಪಿಗೆ ಬೇಕಿಲ್ಲ. ಅಪಾಯಕಾರಿಯೆಂದು ತೋರಿಸುವ ಹೊಣೆ ಸರಕಾರದ್ದೇ. ತೂಕ ಇಳಿಸಲು ಬಳಸುತ್ತಿದ್ದ ಎಫೆಡ್ರಾ ಹೃದಯಾಘಾತ, ಸಾವುಗಳ ವರದಿಗಳು ಬಂದ ಬಳಿಕ 2004ರಲ್ಲಷ್ಟೇ ಅಲ್ಲಿ ನಿಷೇಧವಾಯಿತು. ‘ಅಮೆರಿಕದ ಮಾಲು’ ಎಂದು ಹೆಮ್ಮೆಪಡುವವರು ಇದನ್ನೂ ತಿಳಿದಿರಬೇಕು.

ನಮ್ಮಲ್ಲಿ 2006ರ ಆಹಾರ ಸುರಕ್ಷತಾ ಕಾಯ್ದೆಯ 22ನೇ ಕಲಂ ಇವುಗಳನ್ನು ಆಹಾರದ ಸಾಲಿಗೆ ಸೇರಿಸಿದೆ, ವಿವರವಾದ ನಿಯಮಗಳು 2016ರಲ್ಲಿ ಬಂದವು. ‘ಔಷಧೀಯ ಬಳಕೆಗಲ್ಲ’ ಎಂದು ಡಬ್ಬಿಯ ಮೇಲೆ ಬರೆದಿರಬೇಕು. ಹಾರ್ಮೋನ್, ಸ್ಟೀರಾಯ್ಡ್ ಬೆರೆಸುವಂತಿಲ್ಲ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತದೆ ಎಂದು ಹೇಳುವಂತಿಲ್ಲ, ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡವಿದೆ. ಆದರೆ 14 ಅಂಕಿಗಳ ಲೈಸೆನ್ಸ್ ಸಂಖ್ಯೆಯನ್ನು ನೋಡಿ ನೆಮ್ಮದಿಯಾಗಬೇಡಿ. ಆ ಸಂಖ್ಯೆ ವ್ಯಾಪಾರಕ್ಕೆ ಪರವಾನಗಿ ಇದೆ ಎನ್ನುತ್ತದೆಯೇ ಹೊರತು ನಿಮ್ಮ ಕೈಯಲ್ಲಿರುವ ಡಬ್ಬಿಯನ್ನು ಪರೀಕ್ಷಿಸಲಾಗಿದೆ ಎನ್ನುವುದಿಲ್ಲ. ಸಂಶಯ ಬಂದರೆ ಅದೇ ಕಾಯ್ದೆಯ 40ನೇ ಕಲಂ ಕೊಳ್ಳುವವನಿಗೇ ಪರೀಕ್ಷೆ ಮಾಡಿಸುವ ಹಕ್ಕು ಕೊಟ್ಟಿದೆ. ಕೊಳ್ಳುವಾಗಲೇ ಅಂಗಡಿಯವನಿಗೆ ತಿಳಿಸಿ, ಶುಲ್ಕ ಕಟ್ಟಬೇಕು. ಮಾಲು ಕಾನೂನಿಗೆ ವಿರುದ್ಧವೆಂದು ಸಾಬೀತಾದರೆ ಶುಲ್ಕ ವಾಪಸು. ಈ ಹಕ್ಕನ್ನು ಬಳಸಿದವರನ್ನು ನಾನಂತೂ ಕಂಡಿಲ್ಲ!

ನಮಗೆ ಇನ್ನೊಂದು ಪ್ರಶ್ನೆಯೂ ಇದೆ, ಕ್ಯಾಪ್ಸೂಲಿನ ಹೊರಕವಚ. ಅದು ಹೆಚ್ಚಾಗಿ ಜಿಲೆಟಿನ್, ಅಂದರೆ ದನ ಅಥವಾ ಹಂದಿಯ ಚರ್ಮ, ಮೂಳೆಯಿಂದ ತೆಗೆದದ್ದು. ಹಲಾಲ್ ಎಂಬ ಪದವನ್ನು ಯಾವಾಗ ಬಳಸಬೇಕೆಂದು ಕೋಡೆಕ್ಸ್ 1997ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಆದರೆ ನಮ್ಮ ದೇಶದ ಮಾಂಸಾಹಾರದ ಕಂದು ಗುರುತು ಯಾವ ಪ್ರಾಣಿ ಎಂದು ಹೇಳುವುದಿಲ್ಲ. ಹಸಿರು ಗುರುತಿರುವ, ಸಸ್ಯಮೂಲದ ಕವಚದ ಕ್ಯಾಪ್ಸೂಲುಗಳೂ ಸಿಗುತ್ತವೆ. ಕೇಳಿ ಪಡೆಯಿರಿ.

ಕೊನೆಗೆ, ಶಾಲೆಯಲ್ಲಿ ವಾರಕ್ಕೊಂದರಂತೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯ ವಿಚಾರ. ಕೆಲವು ತಾಯಂದಿರು ಅದನ್ನು ಬೇಡವೆಂದು ಹೇಳಿ, ನೂರಾರು ರೂಪಾಯಿಯ ಸಿರಪ್ ತರುತ್ತಾರೆ. ಆ ಮಾತ್ರೆ ಅಂಗಡಿಯ ಸಪ್ಲಿಮೆಂಟ್ ಅಲ್ಲ, ರಕ್ತಹೀನತೆ ತಡೆಯಲು ಪ್ರಮಾಣ ನಿಗದಿಪಡಿಸಿ ಸರಕಾರ ಉಚಿತವಾಗಿ ಕೊಡುವಂಥದ್ದು. ನಿಮ್ಮ ಹೆಣ್ಣುಮಕ್ಕಳಿಗೆ ಅದನ್ನು ಊಟದ ನಂತರ ನುಂಗಲು ಹೇಳಿ. ಅದರ ಬೆನ್ನಿಗೇ ಚಹಾ ಕೊಡಬೇಡಿ, ಚಹಾ ಕಬ್ಬಿಣವನ್ನು ದೇಹ ಹೀರದಂತೆ ತಡೆಯುತ್ತದೆ. ಒಂದು ಲೋಟ ಲಿಂಬೆ ಶರಬತ್ತು ಆದೀತು.