ಒರೆಗಲ್ಲಿಗೆ ಹಚ್ಚುವ ವಿದ್ಯೆ

ವಿಜಯಪುರದಿಂದ ಬಸವನ ಬಾಗೇವಾಡಿಗೆ ಹೋಗುವ ದಾರಿಯಲ್ಲಿ ನಮ್ಮ ಮನಗೂಳಿ ಇದೆ. ಶಾಸನಗಳಲ್ಲಿ ಇದರ ಹೆಸರು ಮಣಿಂಗವಳ್ಳಿ. ಹನ್ನೆರಡನೆಯ ಶತಮಾನದ ಇಲ್ಲಿಯ ಶಾಸನವೊಂದರಲ್ಲಿ ಬಸವನೆಂಬವನ ಹೆಸರು ಬರುತ್ತದೆ. ಡಾ. ಫ್ಲೀಟರು ಇಲ್ಲಿಯ ಶಾಸನಗಳನ್ನು ಓದಿ ಅಚ್ಚು ಮಾಡಿಸಿದ ಮೇಲೆ, ಈತನೇ ಬಸವಣ್ಣನೆಂದು ಕೆಲವು ವಿದ್ವಾಂಸರು ಬಗೆದರು. ಕಾಲ ಬಿಜ್ಜಳನದು, ಊರು ಬಾಗೇವಾಡಿಯ ನೆರೆಯದು, ಹೆಸರೂ ಬಸವ; ಇನ್ನೇನು ಬೇಕು?

ಆದರೆ ಬೇರೆ ವಿದ್ವಾಂಸರು ಸುಮ್ಮನಾಗಲಿಲ್ಲ. 'ಈ ಬಸವನ ತಂದೆ ಯಾರು?' ಎಂದು ಕೇಳಿದರು. ಶಾಸನದ ಬಸವ ಚಂದಿರಾಜನ ಮಗ; ಪರಂಪರೆ ಹೇಳುವ ಬಸವಣ್ಣ ಮಾದರಸನ ಮಗ. ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ ದೊರೆತ 1260ರ ಶಾಸನವೂ ಬಾಗೇವಾಡಿಯ ಮಾದಿರಾಜನ ಮಗ ಬಸವರಾಜನೆಂದೇ ಹೇಳಿತು. ಊರಿನವರಾದ ನಮಗೆ ಮೊದಲಿನ ಮಾತೇ ಸಿಹಿಯಾಗಿತ್ತು. ಆದರೆ ಸಿಹಿಯಾದದ್ದೆಲ್ಲ ಸತ್ಯವಾಗಬೇಕೆಂದಿಲ್ಲ.

ಒಬ್ಬ ವಿದ್ವಾಂಸನು ಕಂಡದ್ದನ್ನು ಅದೇ ವಿದ್ಯೆ ಬಲ್ಲ ಇನ್ನೊಬ್ಬನು ಒರೆಗಲ್ಲಿಗೆ ಹಚ್ಚಿ ನೋಡುವ ಈ ಪದ್ಧತಿಗೆ ಸಹವಿದ್ವಾಂಸರ ಪರಾಮರ್ಶೆ ಎನ್ನಬಹುದು. ಶಾಸನದಲ್ಲಿ ತಪ್ಪಾದರೆ ಚರಿತ್ರೆಯ ಒಂದು ಪುಟ ಕೆಡುತ್ತದೆ. ವೈದ್ಯಶಾಸ್ತ್ರದಲ್ಲಿ ತಪ್ಪಾದರೆ ಕೆಡುವುದು ಮನುಷ್ಯನ ಮೈ. ಆದುದರಿಂದಲೇ ವೈದ್ಯರು ಬರೆದ ಲೇಖನವನ್ನು ಪತ್ರಿಕೆಯ ಸಂಪಾದಕರು ಅಚ್ಚಿಗೆ ಮುನ್ನ ಇಬ್ಬರು ಮೂವರು ತಜ್ಞರಿಗೆ ಕಳಿಸುತ್ತಾರೆ. ಎಡಿನ್‌ಬರೋ ನಗರದ ವೈದ್ಯರ ಸಂಘವೊಂದು 1731ರಷ್ಟು ಹಿಂದೆಯೇ ಹೀಗೆ ಮಾಡಿತ್ತು.

ಈಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಸಂಗತಿ ಹೇಳುತ್ತೇನೆ. ದೂರದ ಊರಿನಲ್ಲಿ ವೈದ್ಯಕೀಯದ ಉನ್ನತ ವ್ಯಾಸಂಗ ಮಾಡುತ್ತಿದ್ದಾನೆ. ರಜೆಗೆ ಬಂದಾಗ ಮನೆಗೆ ಬಂದು ಕುಳಿತ, ಮುಖ ಬಾಡಿತ್ತು. ಹಿರಿಯರೊಬ್ಬರು ತಮಗೆ ಬಂದ ಲೇಖನವನ್ನು ಇವನ ಕೈಗಿತ್ತು, ಅಭಿಪ್ರಾಯ ಬರೆದು ತಾ ಎಂದಿದ್ದರಂತೆ. ಹೇಗೆಂದು ಹೇಳಿಕೊಟ್ಟಿರಲಿಲ್ಲ.

'ಗುರುಗಳ, ನಾ ಇನ್ನೂ ಕಲಿಯಾಂವ. ದೊಡ್ಡ ದೊಡ್ಡ ಡಾಕ್ಟರು ಬರದದ್ದನ್ನ ತಪ್ಪು ಅಂತ ನಾ ಹ್ಯಾಂಗ ಅನ್ನಲಿ?' ಎಂದ.

'ತಪ್ಪು ಅನಬ್ಯಾಡ, ತಮ್ಮಾ. ಇದು ನಿಮಗ ಹ್ಯಾಂಗ ಗೊತ್ತಾತು ಅಂತ ಕೇಳು' ಎಂದೆ.

ಅವನು ಹೋದ ಮೇಲೆ ನನ್ನದೇ ನೆನಪಾಯಿತು. ಮಾಸ್ತರನಾದ ಹೊಸತರಲ್ಲಿ ಮಕ್ಕಳ ಪ್ರಬಂಧಗಳಲ್ಲಿ ಒತ್ತಕ್ಷರ, ಅಲ್ಪಪ್ರಾಣ, ಮಹಾಪ್ರಾಣಗಳನ್ನು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದೆ. ವಾದವೇ ತಲೆಕೆಳಗಾಗಿದ್ದರೆ ಕಾಣುತ್ತಿರಲಿಲ್ಲ. ತಿದ್ದುವುದನ್ನು ನನಗೂ ಯಾರೂ ಕಲಿಸಿರಲಿಲ್ಲ. ಕವಿರಾಜಮಾರ್ಗದ ಮೊದಲ ಪರಿಚ್ಛೇದವೇ ದೋಷಾದೋಷಗಳ ನಿರ್ಣಯಕ್ಕೆ ಮೀಸಲು. ದೋಷ ಕಾಣುವುದೂ ಒಂದು ವಿದ್ಯೆ, ಅದನ್ನು ಕಲಿಯಬೇಕು ಎಂಬುದು ನಮ್ಮವರಿಗೆ ಸಾವಿರ ವರ್ಷಗಳ ಹಿಂದೆಯೇ ತಿಳಿದಿತ್ತು.

ಪರಿಣತರೆನಿಸಿದವರೂ ಎಡವುತ್ತಾರೆ. ಇಂಗ್ಲೆಂಡಿನ ಒಂದು ಪ್ರಸಿದ್ಧ ವೈದ್ಯಪತ್ರಿಕೆಯವರು ಲೇಖನವೊಂದರಲ್ಲಿ ಬೇಕೆಂದೇ 8 ದೋಷಗಳನ್ನಿಟ್ಟು 420 ಪರಾಮರ್ಶಕರಿಗೆ ಕಳಿಸಿದರು. ಉತ್ತರ ಬರೆದವರು 221 ಜನ. ಅವರು ಕಂಡದ್ದು ಸರಾಸರಿ ಎರಡೇ ದೋಷ! ಈ ಪರೀಕ್ಷೆಯ ಫಲ 1998ರಲ್ಲಿ ಪ್ರಕಟವಾಯಿತು. ಅಲ್ಪಾವಧಿಯ ತರಬೇತಿ ಕೊಟ್ಟರೆ ಹೇಗೆ ಎಂದು ಮತ್ತೆ ನೋಡಿದರು. 2004ರಲ್ಲಿ ಬಂದ ಫಲ: ಗುಣ ಹೆಚ್ಚಿತು, ಆದರೆ ತೀರ ಸ್ವಲ್ಪ.

ಇದರಿಂದಾಗುವ ಅನರ್ಥಕ್ಕೆ ನಿದರ್ಶನ ಬೇಕೇ? 2020ರ ಮೇ ತಿಂಗಳು, ಕೋವಿಡ್ ಕಾಲ. ಲ್ಯಾನ್ಸೆಟ್ ಎಂಬ ಹೆಸರಾಂತ ಪತ್ರಿಕೆಯಲ್ಲಿ ಒಂದು ಲೇಖನ ಬಂತು. 671 ಆಸ್ಪತ್ರೆಗಳ ಸುಮಾರು 96,000 ರೋಗಿಗಳ ವಿವರ ನೋಡಿದ್ದೇವೆ, ಹೈಡ್ರಾಕ್ಸಿಕ್ಲೋರೋಕ್ವಿನ್ ಅಪಾಯಕರ ಎಂದಿತು. ವಿಶ್ವ ಆರೋಗ್ಯ ಸಂಸ್ಥೆ ಆ ಔಷಧದ ಪ್ರಯೋಗವನ್ನೇ ಕೆಲ ದಿನ ನಿಲ್ಲಿಸಿತು. ಮೂಲ ಲೆಕ್ಕ ತೋರಿಸಿರೆಂದು ಲೋಕದ ವಿದ್ವಾಂಸರು ಕೇಳಿದಾಗ ಅದು ಕೈಗೆ ಸಿಗಲಿಲ್ಲ. ಜೂನ್ 4ರಂದು ಲೇಖನವನ್ನು ಹಿಂದಕ್ಕೆ ಪಡೆಯಲಾಯಿತು. ಆ ಔಷಧದಿಂದ ಕೋವಿಡ್ ಗುಣವಾಗದೆಂದು ಬೇರೆ ಸರಿಯಾದ ಪ್ರಯೋಗಗಳು ಆಮೇಲೆ ತೋರಿಸಿದವು, ನಿಜ. ಆದರೆ ಉತ್ತರ ಸರಿಯಾಗಿ ಬಂದಿತೆಂದು ಇಲ್ಲದ ಲೆಕ್ಕಕ್ಕೆ ಯಾವ ಮಾಸ್ತರನೂ ಅಂಕ ಕೊಡಲಾರ.

ಹಾಗಾದರೆ ತರುಣ ವೈದ್ಯರಿಗೆ ಕಲಿಸಬೇಕಾದುದೇನು? ಮೊದಲು ಪ್ರಶ್ನೆಗಳು. ಲೇಖಕರು ಕಂಡುಕೊಳ್ಳಹೊರಟದ್ದು ಏನು? ರೋಗಿಗಳನ್ನು ಆರಿಸಿದ ಬಗೆ ಯಾವುದು? ಔಷಧ ತೆಗೆದುಕೊಂಡವರನ್ನು ತೆಗೆದುಕೊಳ್ಳದವರೊಡನೆ ಹೋಲಿಸಿದರೇ? ರೋಗಿಗಳ ಒಪ್ಪಿಗೆ ಇತ್ತೇ? ನಡುವೆ ಬಿಟ್ಟುಹೋದವರ ಗತಿ ಏನಾಯಿತು? ಕೊನೆಯ ಮಾತು ಮೊದಲಿನ ಲೆಕ್ಕದಿಂದ ಹೊರಡುತ್ತದೆಯೇ, ಅಥವಾ ಲೇಖಕರ ಆಸೆಯಿಂದಲೇ?

ಆಮೇಲೆ ನಡತೆ. ಕೈಗೆ ಬಂದ ಲೇಖನ ಇನ್ನೊಬ್ಬರ ಒಡವೆ. ಗುಟ್ಟಾಗಿ ಇಟ್ಟುಕೊಳ್ಳಬೇಕು, ಅದರೊಳಗಿನ ವಿಚಾರವನ್ನು ಕದಿಯಬಾರದು. ಬರೆದವರು ಸ್ನೇಹಿತರಾಗಲಿ ಸ್ಪರ್ಧಿಗಳಾಗಲಿ ಆಗಿದ್ದರೆ ಸಂಪಾದಕರಿಗೆ ತಿಳಿಸಬೇಕು. ಹೇಳಿದ ಅವಧಿಯೊಳಗೆ ಮುಗಿಸಬೇಕು. ದೋಷ ಹೇಳುವಾಗ ಬರಹವನ್ನು ಅನ್ನಬೇಕೇ ಹೊರತು ಬರೆದವನನ್ನಲ್ಲ. ಹಿರಿಯರು ಶಿಷ್ಯನ ನೆರವು ಪಡೆಯುವುದು ತಪ್ಪಲ್ಲ. ಸಂಪಾದಕರ ಅನುಮತಿ ಪಡೆದು, ಅವನ ಹೆಸರನ್ನೂ ತಿಳಿಸಿ, ಜೊತೆಗೆ ಕುಳಿತು ಓದಬೇಕು. ಶಿಷ್ಯ ಕಾಣದ ದೋಷ ಗುರು ಕಂಡನೇ, ಗುರು ದಾಟಿಹೋದ ದೋಷ ಶಿಷ್ಯ ಕಂಡನೇ ಎಂದು ಸಾಲುಸಾಲಾಗಿ ಮಾತಾಡಬೇಕು. ಒಂದು ದಿನದ ಶಿಬಿರದಿಂದ ಆಗದ ಕೆಲಸ ಇಂಥ ಒಡನಾಟದಿಂದ ಆದೀತೆಂದು ನನ್ನ ನಂಬಿಕೆ. ವಚನಗಳ ತಾಡವೋಲೆಗಳನ್ನು ಕೂಡಿಸಿ, ಪಾಠ ಹೋಲಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದ ಫ.ಗು. ಹಳಕಟ್ಟಿಯವರ ತಾಳ್ಮೆ ನಮ್ಮ ವಿಜಯಪುರದ ನೆಲದಲ್ಲಿಯೇ ಇದೆ. ಅದೇ ನಗರದಲ್ಲಿ ವೈದ್ಯಕೀಯ ಕಾಲೇಜೂ ಇದೆ. ನಮ್ಮ ದೇಶದಲ್ಲಿ ಉನ್ನತ ವ್ಯಾಸಂಗದ ವೈದ್ಯನೊಬ್ಬನು ಸಾಮಾನ್ಯವಾಗಿ ಮಹಾಪ್ರಬಂಧ ಬರೆಯಬೇಕೆಂಬ ನಿಯಮವಿದೆ. ಬರೆಯುವುದನ್ನು ಕಲಿಸುವಾಗಲೇ ಪರಾಮರ್ಶಿಸುವುದನ್ನೂ ಕಲಿಸಿದರೆ ಎರಡೂ ನೆಟ್ಟಗಾಗುತ್ತವೆ.

ಇದೆಲ್ಲ ವೈದ್ಯರ ಮನೆಯ ಮಾತು, ನಮಗೇನು ಎನ್ನಬೇಡಿ. ಸಂತೆಯಿಂದ ಬರುವಾಗ ದವಾಖಾನೆಗೆ ಹೋಗಿ ನಾಲ್ಕು ಗುಳಿಗೆ ತರುವ ತಾಯಿ ಆ ಲೇಖನವನ್ನು ಓದಿರುವುದಿಲ್ಲ. ಅವಳ ಪರವಾಗಿ ಯಾರೋ ಒಬ್ಬ ತರುಣ, ರಾತ್ರಿ ದೀಪದ ಕೆಳಗೆ, 'ಇದು ನಿಮಗೆ ಹೇಗೆ ಗೊತ್ತಾಯಿತು?' ಎಂದು ಕೇಳಿರಬೇಕು.

ನನ್ನ ಶಿಷ್ಯನ ಕಾಗದ ಬಂದಿದೆ. ಹಿರಿಯರೊಡನೆ ಕುಳಿತು ಲೇಖನವನ್ನು ಮತ್ತೆ ಓದಿದನಂತೆ. ಸಂಪಾದಕರಿಗೂ ವಿಷಯ ತಿಳಿಸಿದರಂತೆ. ಏಳು ಪ್ರಶ್ನೆ ಕೇಳಿದ್ದಾನೆ. ಅವುಗಳಲ್ಲಿ ಮೂರು ತಮಗೆ ಹೊಳೆದಿರಲಿಲ್ಲವೆಂದು ಆ ಹಿರಿಯರೇ ಒಪ್ಪಿದರಂತೆ.