ನಾಲೆಯ ಬಿಡುವು, ಕಡಲಿನ ದಾರಿ

ಬೇಸಿಗೆಯ ರಜೆಯಲ್ಲಿ ಮಂಗಳೂರಿಗೆ ಹೋಗಿಬರೋಣವೆಂಬ ಮಾತು ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಯ ಮನೆಗಳಲ್ಲಿ ಹುಟ್ಟಿದರೆ, ಮೊದಲು ಏಳುವ ಪ್ರಶ್ನೆ ರೈಲಿನದಲ್ಲ, ವಸತಿಯದೂ ಅಲ್ಲ, ನಾಲೆಯದು. ವಿಶ್ವೇಶ್ವರಯ್ಯ ನಾಲೆಯಲ್ಲಿ ಬೇಸಿಗೆಯ ಬೆಳೆಗೆ ನೀರು ಬರುವುದು ಕಟ್ಟು ಪದ್ಧತಿಯಲ್ಲಿ. ಕೆಲವು ದಿನ ಬಿಡುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ. ಶಾಲೆಯ ಮಕ್ಕಳಿಗೆ ಏಪ್ರಿಲ್ ನಡುವಿನಿಂದ ಮೇ ತಿಂಗಳ ಕೊನೆಯವರೆಗೂ ಬಿಡುವು ಉಂಟು. ಕಬ್ಬಿಗೆ ನೀರು ಹಾಯಿಸುವವನ ರಜೆಯಾದರೋ ಎರಡು ಕಟ್ಟುಗಳ ನಡುವಣ ದಿನಗಳಷ್ಟೇ. ನಾಲೆಯ ಕೊನೆಯ ಭಾಗದ ಊರುಗಳಿಗೆ ನೀರು ತಡವಾಗಿ ಮುಟ್ಟುವುದರಿಂದ ಆ ಲೆಕ್ಕವನ್ನೂ ನೆಚ್ಚುವಂತಿಲ್ಲ. 2023ರಲ್ಲಿ ಮಳೆ ಕೈಕೊಟ್ಟಿತು. ಅದರ ಮರುಬೇಸಿಗೆಯಲ್ಲಿ ನಮ್ಮವರಿಗೆ ಬಿಡುವೇನೋ ಬೇಕಾದಷ್ಟಿತ್ತು, ಕೈಯಲ್ಲಿ ಹಣವಿರಲಿಲ್ಲ!

ಆದುದರಿಂದ ಪ್ರವಾಸಕ್ಕೆ ಎಲ್ಲರೂ ಹೊರಟರೂ ಒಬ್ಬರು ಮನೆಯಲ್ಲಿ ಉಳಿದೇ ಉಳಿಯುತ್ತಾರೆ. ನಮ್ಮ ಮನೆಯಲ್ಲಿ ಹಾಗೆ ಉಳಿಯುತ್ತ ಬಂದವರು ನನ್ನ ತಾಯಿ. "ದನ ನೋಡ್ಕಳೋರ್ ಯಾರು, ನೀವ್ ಹೋಗ್ಬನ್ನಿ" ಎಂಬುದು ಅವರ ವರ್ಷವರ್ಷದ ಮಾತು. ಎಪ್ಪತ್ತು ದಾಟಿದ ಅವರು ಗಗನಚುಕ್ಕಿಯಲ್ಲಿ ಕಾವೇರಿ ಧುಮುಕುವುದನ್ನು ಎಷ್ಟೋ ಸಲ ಕಂಡಿದ್ದಾರೆ, ಕಡಲನ್ನು ಕಂಡಿಲ್ಲ. ಪ್ರವಾಸದ ಯೋಜನೆಯೆಂದರೆ ಯಾರು ಹೋಗಬೇಕೆಂಬುದಲ್ಲ, ಯಾರು ಉಳಿಯಬೇಕೆಂಬುದು ಎಂದು ನಾನು ಹೇಳುವುದು ಈ ಕಾರಣದಿಂದ. ಉಳಿಯುವ ಸರದಿ ಬದಲಾಗದಿದ್ದರೆ ಮಿಕ್ಕ ಲೆಕ್ಕಾಚಾರವೆಲ್ಲ ವ್ಯರ್ಥ.

ಇನ್ನು ದಾರಿ. ನಮ್ಮವರಲ್ಲಿ ಬಹುಮಂದಿ ರಾತ್ರಿ ಬಸ್ಸು ಹತ್ತಿ, ನಿದ್ದೆ ಮಾಡಿ, ಬೆಳಗಾಗುವಾಗ ಮಂಗಳೂರಿನಲ್ಲಿ ಇಳಿಯುತ್ತಾರೆ. ಒಂದು ಹಗಲು ಉಳಿಯಿತೆಂಬ ಸಮಾಧಾನ ಅವರದು. ನನಗೆ ಅದು ಒಪ್ಪಿಗೆಯಲ್ಲ. ನಮಗೂ ಕಡಲಿಗೂ ನಡುವೆ ನಿಂತಿರುವ ಸಹ್ಯಾದ್ರಿಯನ್ನು ಕತ್ತಲಲ್ಲಿ ದಾಟುವುದು, ಅನ್ನವಿಟ್ಟವರ ಮನೆಯ ಮುಂದೆ ತಲೆ ತಗ್ಗಿಸಿ ಹಾದುಹೋದಂತೆ. ಹೋಗುವಾಗ ಮೈಸೂರು, ಮಡಿಕೇರಿಗಳ ಮೇಲೆ ಹೋಗಬಹುದು. ಕುಶಾಲನಗರದ ಸೇತುವೆಯ ಕೆಳಗೆ ಕಾವೇರಿ ಇನ್ನೂ ಎಳೆಯ ಹೊಳೆ. ಮಡಿಕೇರಿ ದಾಟಿ ಸಂಪಾಜೆ ಘಾಟಿಗೆ ಇಳಿದೆವೆಂದರೆ ಅಲ್ಲಿಯ ನೀರು ನಮ್ಮದಲ್ಲ. ಅದು ಪಯಸ್ವಿನಿಯಾಗಿ ಕಾಸರಗೋಡಿನ ಬಳಿ ಕಡಲು ಸೇರುತ್ತದೆ.

ಹಿಂದಿರುಗುವ ದಾರಿ ಸಕಲೇಶಪುರದ್ದಾಗಲಿ. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯು ನೇತ್ರಾವತಿಯನ್ನು ಕೂಡುವುದನ್ನು ನೋಡಿ, ಶಿರಾಡಿ ಘಾಟಿಯಲ್ಲಿ ಕೆಂಪುಹೊಳೆಯ ಪಕ್ಕದಲ್ಲೇ ಮೇಲೇರಿದರೆ, ಸಕಲೇಶಪುರದ ಸೇತುವೆಯ ಕೆಳಗೆ ಹೇಮಾವತಿ ಎದುರಾಗುತ್ತಾಳೆ. ಅವಳು ಗೊರೂರಿನ ಅಣೆಕಟ್ಟೆಯಲ್ಲಿ ತಂಗಿ, ಮುಂದೆ ಕೃಷ್ಣರಾಜಸಾಗರಕ್ಕೆ ಬಂದು, ಕಾವೇರಿಯ ಜೊತೆಗೂಡಿ ನಮ್ಮ ನಾಲೆಗೆ ಇಳಿಯುವವಳು. ಘಟ್ಟದ ನೆತ್ತಿಯ ಮೇಲೆ ಬಿದ್ದ ಮಳೆ ತುಸು ಈಚೆಗೆ ಹರಿದರೆ ಮದ್ದೂರಿನ ಬತ್ತ, ತುಸು ಆಚೆಗೆ ಹರಿದರೆ ಅರಬ್ಬೀ ಸಮುದ್ರ. ನೀರಿಗಾಗಿ ಹೆದ್ದಾರಿಯಲ್ಲಿ ಕುಳಿತ ಜನ ನಾವು. ಆ ನೆತ್ತಿಯನ್ನು ನಮ್ಮ ಮಕ್ಕಳು ಒಮ್ಮೆಯಾದರೂ ಹಗಲಿನಲ್ಲಿ ಕಾಣಬೇಡವೆ? ರೈಲನ್ನು ಬಯಸುವವರಿಗೆ ಸುಬ್ರಹ್ಮಣ್ಯ ರಸ್ತೆಯಿಂದ ಸಕಲೇಶಪುರದವರೆಗೆ 57 ಸುರಂಗಗಳ ದಾರಿಯಿದೆ. 1979ರಲ್ಲಿ ತೆರೆದ ಈ ಮಾರ್ಗ ಹಳಿಯ ಅಗಲ ಬದಲಾದ ಮೇಲೆ 2007ರಲ್ಲಿ ಮತ್ತೆ ಪ್ರಯಾಣಿಕರಿಗೆ ದೊರೆಯಿತು. ಹಗಲಿನ ಗಾಡಿಯನ್ನು ವಿಚಾರಿಸಿಯೇ ಹೊರಡಬೇಕು. ಮಳವಳ್ಳಿಯವರಿಗಂತೂ ರೈಲು ನಿಲ್ದಾಣವೇ ಇಲ್ಲ. ಮದ್ದೂರಿಗೋ ಮಂಡ್ಯಕ್ಕೋ ಬರುವುದೇ ಅವರಿಗೆ ಮೊದಲ ಪ್ರಯಾಣ.

ಮಂಗಳೂರಿನಲ್ಲಿ ಎರಡು ದಿನ ಸಾಕು. ಕಡಲ ಊರು ತಂಪೆಂದು ನಂಬಿ ಹೋದವರು ಮೇ ತಿಂಗಳಲ್ಲಿ ಬೆವರಿನಲ್ಲಿ ತೊಯ್ದು ಬರುತ್ತಾರೆ. ಬಿಸಿಲು ನಮ್ಮಲ್ಲಿಯೇ ಹೆಚ್ಚಿರಬಹುದು, ಆದರೆ ಅಲ್ಲಿ ಮೈ ಒಣಗುವುದೇ ಇಲ್ಲ. ಬೆಳಗ್ಗೆ ಮತ್ತು ಸಂಜೆ ಪಣಂಬೂರು, ತಣ್ಣೀರುಬಾವಿಗಳ ದಂಡೆ, ನಡುಹಗಲು ನೆರಳು. ಜೆಪ್ಪುವಿನ ಕಡೆ ಹೋದವರು ಒಂದು ಸಂಗತಿಯನ್ನು ನೆನೆಯಬಹುದು. ನಮ್ಮ ಹಳ್ಳಿಗಳ ಹಳೆಯ ಮನೆಗಳ ಮೇಲಿರುವ ಮಂಗಳೂರು ಹೆಂಚಿನ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಷನ್ನಿನವರು 1865ರಲ್ಲಿ ತೆರೆದದ್ದು ಅಲ್ಲಿ, ನೇತ್ರಾವತಿಯ ದಡದಲ್ಲಿ. ಕಡಲನ್ನು ಕಾಣದ ನನ್ನ ತಾಯಿ ಆ ದಡದ ಹೆಂಚಿನ ಕೆಳಗೇ ಐವತ್ತು ವರ್ಷ ಬಾಳಿದ್ದಾರೆ.

ಮೂರನೆಯ ರಾತ್ರಿಯನ್ನು ಸಕಲೇಶಪುರಕ್ಕೆ ಮೀಸಲಿಡುವುದು ಲೇಸು. 900 ಮೀಟರಿಗೂ ಎತ್ತರದ ಊರು, ಹೊದಿಕೆ ಬೇಕಾಗಬಹುದು. ಕುದುರೆಮುಖದ 1,894 ಮೀಟರಿನ ಶಿಖರವನ್ನೇರುವ ಆಸೆ ತರುಣರಿಗಿದ್ದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಡ್ಗಿಚ್ಚಿನ ಭಯದಿಂದ ಬೇಸಿಗೆಯಲ್ಲಿ ಚಾರಣವನ್ನು ನಿಲ್ಲಿಸುವುದೂ ಉಂಟು. ವಯಸ್ಸಾದವರಿಗೆ ಘಾಟಿಯ ತಿರುವಿನಲ್ಲಿ ಅರ್ಧ ಗಂಟೆ ನಿಂತರೆ ಬೆಟ್ಟ ಕಂಡಂತೆಯೇ. ಬುತ್ತಿಗೆ ಮದ್ದೂರು ವಡೆಗಿಂತ ಬೇರೊಂದನ್ನು ಹುಡುಕುವ ಅಗತ್ಯವಿಲ್ಲ.

ಹೊರಡುವುದಾದರೆ ಏಪ್ರಿಲ್ ಕೊನೆಯ ವಾರ ಮೇಲು. ಮೇ ಕಳೆಯುತ್ತ ಬಂದಂತೆ ಕಡಲು ಕೆರಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೀನು ಬಯಸಿ ಹೋದವರಿಗೂ ನಿರಾಶೆಯೇ. ನಮ್ಮ ಮನೆಯಲ್ಲಿ ಈ ಸಲ ತಮ್ಮ ಉಳಿಯುತ್ತಾನೆ. ಹಾಲು ಕರೆಯಲು ಅವನಿಗೆ ಬರುವುದಿಲ್ಲವೆಂದು ತಾಯಿ ಆಕ್ಷೇಪ ಎತ್ತಿದ್ದಾರೆ. ಪಕ್ಕದ ಮನೆಯವರು ಒಪ್ಪಿಕೊಂಡಿದ್ದಾರೆ. ಕಟ್ಟಿನ ದಿನಾಂಕ ಮಾತ್ರ ಇನ್ನೂ ಪ್ರಕಟವಾಗಿಲ್ಲ.